ಅಳೆದು ಹೋದವರು ತಿರುಗಿ ಬರಬೇಕು

ಒಂದು ಸಣ್ಣ ಪ್ರಶ್ನೆ. ಗೂಗಲ್ ಮಾಡದೆ ಹೇಳಿ ನೋಡೋಣ.. ಕರ್ನಾಟಕದ ಕರಾವಳಿಯ ಉದ್ದ ಎಷ್ಟು?

ನನ್ನ ಹಾಗೆ ಬಾಯಿಪಾಠ ಮಾಡಿ ಪಾಸಾದವರಾದರೆ "320 ಕಿಲೋಮೀಟರ್" ಅಂತ ಥಟ್ಟನೆ ಹೇಳ್ತೀರಿ. ಒಂದು ಅಂಕದ ಪ್ರಶ್ನೆ ಅದು. ಆದರೆ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಬಹಳ ವರ್ಷ ಇದ್ದದ್ದು 280. ಈಚೆಗೆ ಮಾಡಿದ ಹೊಸ ಲೆಕ್ಕದಲ್ಲಿ ಅದು 343 ಆಗಿದೆ. ಇಡೀ ದೇಶದ್ದು 7,516ರಿಂದ 11,098 ಕಿಲೋಮೀಟರಿಗೆ ಏರಿದೆ ಅಂತ ಗೃಹ ಸಚಿವಾಲಯದ 2023-24ರ ವರದಿಯಲ್ಲಿ ಬಂತು. ಸಮುದ್ರ ಏನೂ ರಾತ್ರೋರಾತ್ರಿ ಬೆಳೆಯಲಿಲ್ಲ. ಹಿಂದೆ ಬಹಳ ಚಿಕ್ಕದಾಗಿ ತೋರಿಸುವ ಭೂಪಟ ಇಟ್ಕೊಂಡು ಅಳೆದಿದ್ದರು, ಈಗ ದೊಡ್ಡದಾಗಿ ತೋರಿಸುವ ಭೂಪಟದಲ್ಲಿ ಪ್ರತಿ ಕೊಲ್ಲಿ, ಪ್ರತಿ ಅಳಿವೆ ಬಾಗಿಲನ್ನೂ ಸುತ್ತಿ ಅಳೆದರು, ಅಷ್ಟೇ. ಅಳತೆಕೋಲು ಚಿಕ್ಕದಾದಷ್ಟೂ ಕರಾವಳಿ ಉದ್ದವಾಗುತ್ತೆ. 1967ರಲ್ಲಿ ಮ್ಯಾಂಡೆಲ್‌ಬ್ರಾಟ್ ಅನ್ನೋ ಗಣಿತಜ್ಞ ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಅನ್ನೋ ಪ್ರಶ್ನೆ ಇಟ್ಕೊಂಡೇ ಇದರ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಬರೆದಿದ್ದ.

ಅಂದರೆ ಮೂರು ಉತ್ತರಗಳಲ್ಲಿ ಯಾವುದೂ ತಪ್ಪಲ್ಲ. ತಪ್ಪಿರೋದು ಅದನ್ನು ಬಾಯಿಪಾಠ ಮಾಡಿಸಿದ್ದರಲ್ಲಿ. ಯಾರು ಅಳೆದರು, ಯಾವಾಗ ಅಳೆದರು, ಏನಿಟ್ಕೊಂಡು ಅಳೆದರು ಅಂತ ನಾವ್ಯಾರೂ ಕೇಳಲೇ ಇಲ್ಲ. ಸಮುದ್ರದಿಂದ ಕೂಗಳತೆ ದೂರದಲ್ಲಿ ಶಾಲೆ ಇದ್ದವರೂ ಕೇಳಲಿಲ್ಲ.

ಇವತ್ತು ಬರೆಯಬೇಕು ಅಂತ ಕೂತಿದ್ದು ಇದರ ಬಗ್ಗೆಯೇ. ಭೂಗೋಳದ ವಿದ್ಯಾರ್ಥಿಗಳು ಕಡಲತೀರಕ್ಕೆ ಹೋಗಿ ಮಾಡೋ ಫೀಲ್ಡ್ ವರ್ಕ್ ಅನ್ನೋದು ನಮ್ಮಲ್ಲಿ ಹೆಚ್ಚಿನ ಕಡೆ ಒಂದು ಟೂರು. ಅದು ಟೂರಾಗದೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಅಳೆಯೋ ಕೆಲಸ ಆಗಬೇಕು ಅನ್ನೋದು ನನ್ನ ವಾದ. ಹುಡುಗರ ಮಾರ್ಕ್ಸಿಗಾಗಿ ಈ ಮಾತು ಹೇಳ್ತಿಲ್ಲ. ಅದು ಆಗದೇ ಇರೋದರಿಂದ ನಮ್ಮ ಕರಾವಳಿಯ ಜನ ಪ್ರತಿ ಮಳೆಗಾಲದಲ್ಲೂ ಬೆಲೆ ತೆರ್ತಾ ಇದಾರೆ, ಅದಕ್ಕೆ.

ನನ್ನ ಚಿಕ್ಕಮ್ಮನ ಮಗಳು ಡಿಗ್ರಿಯಲ್ಲಿ ಭೂಗೋಳ ತಗೊಂಡಿದಾಳೆ. ಕಳೆದ ವರ್ಷ ಅವರ ಕಾಲೇಜಿನಿಂದ "ಕ್ಷೇತ್ರಕಾರ್ಯ" ಅಂತ ಬಸ್ಸು ಮಾಡಿ ಮಲ್ಪೆಗೆ ಕರ್ಕೊಂಡು ಹೋದರು. ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ, ಅಲ್ಲಿ ಲಾವಾ ಆರಿ ಆದ ಕಲ್ಲಿನ ಕಂಬಗಳ ಮುಂದೆ ಗ್ರೂಪ್ ಫೋಟೋ, ಮಧ್ಯಾಹ್ನ ಊಟ, ವಾಪಸ್. ಆಮೇಲೆ ಇಪ್ಪತ್ತು ಪುಟದ ವರದಿ. ಪೀಠಿಕೆ, ಉದ್ದೇಶಗಳು, ಅಧ್ಯಯನ ವಿಧಾನ, ಉಪಸಂಹಾರ ಎಲ್ಲಾ ಇದೆ. "ನೀನು ಅಲ್ಲಿ ಅಳೆದದ್ದೇನು?" ಅಂತ ಕೇಳಿದೆ. "ಅಳೆಯೋದಾ? ಅಣ್ಣ, ಹಿಂದಿನ ಬ್ಯಾಚಿನವರ ವರದಿ ಇತ್ತಲ್ಲ, ಇಸವಿ ಬದಲಾಯಿಸಿದ್ವಿ" ಅಂದಳು! ಅವಳನ್ನ ಬೈಯೋಕೆ ನನಗೆ ಮನಸ್ಸಾಗಲಿಲ್ಲ. ಹಿಂದಿನ ಬ್ಯಾಚಿನವರ ವರದಿಯಲ್ಲಾದರೂ ಒಂದು ಅಳತೆ ಇದ್ದಿದ್ದರೆ ಇವಳದ್ದಕ್ಕೂ ಅದಕ್ಕೂ ಹೋಲಿಸಬಹುದಿತ್ತು, ಅದೂ ಇಲ್ಲ.

ಅಳೆಯೋಕೆ ಲಕ್ಷಗಟ್ಟಲೆ ಬೆಲೆಯ ಉಪಕರಣ ಬೇಕು ಅಂತ ಅಂದ್ಕೊಂಡಿದ್ದರೆ, ಬೇಡ. ಅಮೆರಿಕದ ಸಮುದ್ರ ಭೂವಿಜ್ಞಾನಿ ಕೆ. ಒ. ಎಮೆರಿ 1961ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಅದರಲ್ಲಿರೋ ಉಪಕರಣ ಅಂದರೆ ಒಂದೇ ಎತ್ತರದ ಎರಡು ಕೋಲು, ನಡುವೆ ಒಂದು ಹಗ್ಗ. ಮುಗೀತು. ಕೋಲುಗಳ ಮೇಲೆ ತುದಿಯಿಂದ ಕೆಳಕ್ಕೆ ಸೆಂಟಿಮೀಟರಿನ ಗುರುತು ಹಾಕಿರಬೇಕು. ಕೋಲಿನ ಎತ್ತರ ಒಂದೂವರೆ ಮೀಟರ್, ಹಗ್ಗವೂ ಅಷ್ಟೇ ಇಟ್ಕೊಳ್ಳಿ.

ಮೇಲೆ ತೆಂಗಿನ ತೋಟದ ಅಂಚಿನಲ್ಲಿ, ಜಾಗ ಬಿಟ್ಟು ಕದಲದ ಒಂದು ಗುರುತಿನಿಂದ ಶುರು ಮಾಡಬೇಕು. ಒಬ್ಬರು ಅಲ್ಲಿ ಕೋಲು ಹಿಡಿದು ನಿಲ್ತಾರೆ, ಇನ್ನೊಬ್ಬರು ಹಗ್ಗ ಬಿಗಿಯಾಗೋವಷ್ಟು ಸಮುದ್ರದ ಕಡೆ ನಡೆದು ಇನ್ನೊಂದು ಕೋಲು ನಿಲ್ಲಿಸ್ತಾರೆ. ಮೇಲಿನವರು ಮುಂದಿನ ಕೋಲಿನ ತುದಿಯೂ, ದೂರದಲ್ಲಿ ಸಮುದ್ರ ಆಕಾಶ ಸೇರೋ ಗೆರೆಯೂ ಒಂದೇ ಸಾಲಿನಲ್ಲಿ ಬರೋ ಹಾಗೆ ಕಣ್ಣಿಟ್ಟು, ಆ ಸಾಲು ತಮ್ಮ ಕೋಲಿನ ಮೇಲೆ ಎಲ್ಲಿ ಬೀಳುತ್ತೆ ಅಂತ ಓದ್ತಾರೆ. ತುದಿಯಿಂದ ಎಷ್ಟು ಸೆಂಟಿಮೀಟರ್ ಕೆಳಗೆ ಬಿತ್ತೋ, ಮರಳು ಅಷ್ಟು ಇಳಿದಿದೆ ಅಂತ ಅರ್ಥ. ದಿಬ್ಬ ಏರಿದ್ದರೆ ಹಿಂದಿನ ಕೋಲಿನ ತುದಿಯಿಂದ ನೋಡಿ, ಮುಂದಿನ ಕೋಲಿನ ಮೇಲೆ ಓದಬೇಕು. ಬರ್ಕೊಂಡು ಮುಂದಕ್ಕೆ. ನಲವತ್ತು ಮೀಟರ್ ಅಗಲದ ತೀರಕ್ಕೆ ಸುಮಾರು 27 ಸಲ ಹೀಗೆ ಮಾಡಿದರೆ ಆ ಸಾಲಿನಲ್ಲಿ ತೀರದ ಇಳಿಜಾರು ಹೇಗಿದೆ ಅನ್ನೋ ಚಿತ್ರ ಕೈಗೆ ಬರುತ್ತೆ. ಮಟ್ಟ ನೋಡೋಕೆ ಇಡೀ ಅರಬ್ಬೀ ಸಮುದ್ರವೇ ಇದೆ, ಅದೂ ಪುಕ್ಕಟೆ :)

ಕಳೆದ ಫೆಬ್ರವರಿಯಲ್ಲಿ ಊರಿಗೆ ಹೋದಾಗ ನಾನೂ ತಂಗಿಯೂ ಸಸಿಹಿತ್ಲಿನಲ್ಲಿ ಇದನ್ನು ಮಾಡಿ ನೋಡಿದೆವು. ನಂದಿನಿ, ಶಾಂಭವಿ ಎರಡೂ ನದಿಗಳು ಸಮುದ್ರ ಸೇರೋ ಜಾಗ ಅದು. ಅಡಿಕೆ ಮರದ ದಬ್ಬೆ ಎರಡು, ಸ್ಕೆಚ್ ಪೆನ್ನಿನ ಗುರುತು, ಬಾವಿಯ ಹಳೇ ಹಗ್ಗ. ಒಂದು ಸಾಲಿಗೆ ಅರ್ಧ ಗಂಟೆ ಹಿಡೀತು. ಬಲೆ ಸರಿ ಮಾಡ್ತಾ ಕೂತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ ಕೇಳಿದರು.

"ನೀವು ಯಾವ ಡಿಪಾರ್ಟ್‌ಮೆಂಟಿನವರು?"

"ಯಾವುದೂ ಅಲ್ಲ ಮಾರಾಯ್ರೆ, ಇವಳು ಓದುವ ಹುಡುಗಿ. ಸುಮ್ಮನೆ ಅಳೆದು ನೋಡುವ ಅಂತ."

"ಅಳೆಯುವವರು ಸುಮಾರು ಜನ ಬಂದಿದ್ದಾರೆ ಮಾರಾಯ್ರೆ. ದೊಡ್ಡ ದೊಡ್ಡ ಮೆಷಿನ್ ಹಿಡ್ಕೊಂಡು ಬಂದವರೂ ಇದ್ದಾರೆ. ತಿರುಗಿ ಬಂದವರು ಮಾತ್ರ ಯಾರೂ ಇಲ್ಲ."

ನಾನು ಈ ಬರಹದಲ್ಲಿ ಹೇಳಬೇಕು ಅಂದ್ಕೊಂಡಿರೋದೆಲ್ಲ ಅವರ ಆ ಒಂದು ಮಾತಿನಲ್ಲೇ ಇದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ನಮ್ಮ ಪಶ್ಚಿಮ ಕರಾವಳಿಯ ಮರಳು ಒಂದು ಕಡೆ ನಿಲ್ಲೋದಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗಾಲದ ದೊಡ್ಡ ಅಲೆಗಳು ತೀರದ ಮರಳನ್ನು ಎಳೆದು ನೀರೊಳಗೆ ದಿಬ್ಬ ಮಾಡಿ ಇಡ್ತವೆ. ಸೆಪ್ಟೆಂಬರ್ ಕಳೆದು ಸಮುದ್ರ ಶಾಂತವಾದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ದಡಕ್ಕೆ ತಂದು ಹಾಕ್ತವೆ. ಹಾಗಾಗಿ ಫೆಬ್ರವರಿಯಲ್ಲಿ ಹೋದವನಿಗೆ ಅಗಲವಾದ ಬೀಚು ಕಾಣುತ್ತೆ, ಜುಲೈಯಲ್ಲಿ ಹೋದವನಿಗೆ ತೆಂಗಿನ ಬೇರು ಕಾಣುತ್ತೆ. ಇಬ್ಬರೂ ಒಂದೊಂದೇ ಸಲ ಅಳೆದು ವರದಿ ಬರೆದರೆ ಒಬ್ಬ "ಏನೂ ತೊಂದರೆ ಇಲ್ಲ" ಅಂತಾನೆ, ಇನ್ನೊಬ್ಬ "ಊರೇ ಹೋಯ್ತು" ಅಂತಾನೆ. ಇಬ್ಬರ ಅಳತೆಯೂ ಸರಿ, ಇಬ್ಬರ ತೀರ್ಮಾನವೂ ತಪ್ಪಿರಬಹುದು. ನಮ್ಮ ಕಾಲೇಜು ಟೂರುಗಳೆಲ್ಲ ನಡೆಯೋದು ಡಿಸೆಂಬರ್ ಜನವರಿಯಲ್ಲಿ ಅನ್ನೋದು ನೆನಪಿರಲಿ.

ನಿಜವಾಗಿ ತಿಳೀಬೇಕಾದ್ದು ಮಳೆಗಾಲದಲ್ಲಿ ಹೋದ ಮರಳು ಬೇಸಿಗೆಯೊಳಗೆ ಪೂರ್ತಿ ವಾಪಸ್ ಬಂತಾ, ಇಲ್ವಾ ಅನ್ನೋದು. ಅದಕ್ಕೆ ಅದೇ ಜಾಗದಲ್ಲಿ, ಅದೇ ಗುರುತಿನಿಂದ, ವರ್ಷಗಟ್ಟಲೆ ಅಳೆಯೋದು ಬಿಟ್ಟು ಬೇರೆ ದಾರಿ ಇಲ್ಲ.

ಇಂಗ್ಲೆಂಡಿನ ಡೆವನ್ ಕರಾವಳಿಯಲ್ಲಿ ಹಾಲ್‌ಸ್ಯಾಂಡ್ಸ್ ಅಂತ ಮೀನುಗಾರರ ಒಂದು ಹಳ್ಳಿ ಇತ್ತು. "ವಾಪಸ್ ಬರುತ್ತೆ" ಅನ್ನೋ ನಂಬಿಕೆ ಆ ಊರನ್ನೇ ತಿಂದು ಹಾಕಿತು. 1897ರಲ್ಲಿ ಪ್ಲಿಮತ್‌ನ ನೌಕಾನೆಲೆ ವಿಸ್ತರಿಸೋಕೆ ಅಂತ ಆ ಊರಿನ ಎದುರಿನ ಕಡಲತೀರದಿಂದ ಉರುಟು ಕಲ್ಲು, ಮರಳು ತೆಗೆಯೋಕೆ ಶುರು ಮಾಡಿದರು. ತೆಗೆದಷ್ಟನ್ನೂ ಸಮುದ್ರ ತಾನಾಗಿ ತಂದು ತುಂಬುತ್ತೆ ಅಂತ ಲೆಕ್ಕ. ತುಂಬಲಿಲ್ಲ. ಆ ಕಲ್ಲುಗಳು ಹಿಮಯುಗ ಮುಗಿದು ಸಮುದ್ರ ಏರಿದಾಗ ಬಂದು ಬಿದ್ದವು, ಹೊಸದಾಗಿ ಬರೋ ಮೂಲವೇ ಇರಲಿಲ್ಲ. ಊರವರ ಗಲಾಟೆಯಿಂದ 1902ರಲ್ಲಿ ಕೆಲಸ ನಿಂತಿತು, ಆದರೆ ಅಷ್ಟರಲ್ಲಿ ತೀರ ಆಳಕ್ಕೆ ಇಳಿದುಹೋಗಿತ್ತು. 1917ರ ಜನವರಿಯ ಒಂದು ಬಿರುಗಾಳಿಗೆ ಊರು ಊರೇ ಹೋಯ್ತು. ಅಷ್ಟೆಲ್ಲ ತೆಗೆಯೋ ಮುಂಚೆ ಒಂದಿಷ್ಟು ತೆಗೆದು, ಎರಡು ವರ್ಷ ಅಳೆದು ನೋಡಿದ್ದರೆ "ಬರುತ್ತೆ" ಅನ್ನೋದು ಸುಳ್ಳು ಅಂತ ಆಗಲೇ ಗೊತ್ತಾಗ್ತಿತ್ತು.

ಈಗ ನಮ್ಮ ಉಳ್ಳಾಲಕ್ಕೆ ಬನ್ನಿ. ನೇತ್ರಾವತಿ, ಗುರುಪುರ ನದಿಗಳ ಅಳಿವೆ ಬಾಗಿಲಿನಲ್ಲಿ ಬ್ರೇಕ್‌ವಾಟರ್ ಕಟ್ಟಿದ ಮೇಲೆಯೇ ಕೊರೆತ ಜಾಸ್ತಿ ಆಯ್ತು ಅಂತ ಊರವರು ಹೇಳ್ತಾ ಬಂದಿದಾರೆ. ಕಲ್ಲು ಹಾಕಿದರು, ಕಲ್ಲು ಮುಳುಗಿತು, ಮತ್ತೆ ಕಲ್ಲು ಹಾಕಿದರು. ಆಮೇಲೆ ಎಡಿಬಿ ಸಾಲದ ದೊಡ್ಡ ಯೋಜನೆಯಲ್ಲಿ ಕಡಲೊಳಗೆ ಕೃತಕ ರೀಫ್ ಕಟ್ಟಿದರು. ಕೊರೆತ ಈಗ ದಕ್ಷಿಣಕ್ಕೆ, ಸೋಮೇಶ್ವರ ಉಚ್ಚಿಲದ ಕಡೆ ಸರಿದಿದೆ ಅಂತ ಅಲ್ಲಿಯವರ ದೂರು. ಗಟ್ಟಿ ಗೋಡೆಗೆ ಬಡಿದ ಅಲೆ ಗೋಡೆಯ ಬುಡದ ಮರಳನ್ನು ಕೆರೆಯುತ್ತೆ, ಗೋಡೆ ಎಲ್ಲಿ ಮುಗಿಯುತ್ತೋ ಅದರ ಪಕ್ಕದ ಜಾಗವನ್ನು ಹೆಚ್ಚು ಕೊರೆಯುತ್ತೆ ಅನ್ನೋದು ಎಲ್ಲಾ ಕಡೆ ಕಂಡಿರೋ ವಿಷಯ. ಹಾಗಾಗಿ ದೂರು ನಿಜ ಇರಬಹುದು. ನದಿಯಿಂದ ಬರೋ ಮರಳು ಕಡಿಮೆಯಾದ್ದೂ ಕಾರಣ ಇರಬಹುದು. ಎರಡೂ ಸೇರಿರಬಹುದು.

ಸಭೆಯಲ್ಲಿ ಎದ್ದು ನಿಂತು "ನಮ್ಮ ಕಡೆ ಮೊದಲು ಇಷ್ಟು ಅಗಲ ಇತ್ತು" ಅಂತ ಎರಡು ಕೈ ಚಾಚಿ ತೋರಿಸೋ ಮೀನುಗಾರನ ಹತ್ತಿರ ಒಂದು ಕಾಗದ ಇಲ್ಲ. ಎದುರುಗಡೆ ಕೂತ ಇಂಜಿನಿಯರ್ ಹತ್ತಿರ ಕಾಗದ ಇದೆ. ಕಾಗದ ಇದ್ದವನ ಮಾತು ನಡೆಯುತ್ತೆ. ನಮ್ಮ ಊರುಗಳಲ್ಲಿ ಇದೇ ಆಗ್ತಾ ಇರೋದು. ಆ ಮೀನುಗಾರನ ಮಗಳು ಹತ್ತಿರದ ಹೈಸ್ಕೂಲಿಗೇ ಹೋಗ್ತಿರ್ತಾಳೆ, ಭೂಗೋಳದಲ್ಲಿ ಅಲೆಗಳ ಸವೆತ ಕಾರ್ಯ ಅಂತ ಪಾಠ ಓದ್ತಿರ್ತಾಳೆ. ಅವಳ ಶಾಲೆಯಲ್ಲಿ ಹತ್ತು ವರ್ಷದ ಅಳತೆಯ ಒಂದು ಪುಸ್ತಕ ಇದ್ದಿದ್ದರೆ ಆ ಸಭೆ ಬೇರೆ ಥರ ನಡೀತಿತ್ತು. ಅಪ್ಪ ಹೇಳಿದ್ದು ಸರಿ ಅಂತಲೇ ಸಾಬೀತಾಗ್ತಿತ್ತು ಅಂತ ನಾನು ಹೇಳ್ತಿಲ್ಲ. ತಪ್ಪು ಅಂತಲೂ ಆಗಬಹುದಿತ್ತು. ಮಾತು ಮುಂದಕ್ಕಂತೂ ಹೋಗ್ತಿತ್ತು.

ಎರಡು ಕೋಲಿನಿಂದ ಇಷ್ಟೆಲ್ಲ ಆಗುತ್ತಾ ಅಂತ ಅನುಮಾನ ಇದ್ದರೆ ಆಸ್ಟ್ರೇಲಿಯಾ ನೋಡಿ. ಸಿಡ್ನಿಯ ಉತ್ತರಕ್ಕೆ ನ್ಯಾರಬೀನ್-ಕೊಲರಾಯ್ ಅಂತ ಮೂರೂವರೆ ಕಿಲೋಮೀಟರ್ ಉದ್ದದ ಒಂದು ಬೀಚಿದೆ. 1976ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಆಂಡ್ರೂ ಶಾರ್ಟ್ ಅಲ್ಲಿ ಪ್ರತಿ ತಿಂಗಳು ಅಳೆಯೋಕೆ ಶುರು ಮಾಡಿದರು. ಯಾವ ವಿಧಾನದಲ್ಲಿ ಗೊತ್ತಾ? ಎಮೆರಿಯ ಎರಡು ಕೋಲು! ಜಿಪಿಎಸ್ ಬರೋವರೆಗೂ, ಅಂದರೆ ಇಪ್ಪತ್ತೈದಕ್ಕೂ ಹೆಚ್ಚು ವರ್ಷ, ಹಾಗೇ ನಡೀತು. ಒಂದೆರಡು ವರ್ಷದ ಅಳತೆಯಲ್ಲಿ ಕಾಣದ್ದು ಇಷ್ಟು ವರ್ಷದ ಅಳತೆಯಲ್ಲಿ ಕಂಡಿತು. ಆ ಬೀಚು ಕೆಲವು ವರ್ಷಗಳಿಗೊಮ್ಮೆ ಒಂದು ತುದಿಯಲ್ಲಿ ಸವೆದು ಇನ್ನೊಂದು ತುದಿಯಲ್ಲಿ ಬೆಳೆಯುತ್ತೆ, ಅದಕ್ಕೂ ಪೆಸಿಫಿಕ್ ಸಾಗರದ ಎಲ್ ನಿನೊ, ಲಾ ನಿನಾಗೂ ಸಂಬಂಧ ಇದೆ ಅಂತ ಗೊತ್ತಾಯ್ತು. 2016ರಲ್ಲಿ ನಲವತ್ತು ವರ್ಷದ ಆ ಮಾಹಿತಿಯನ್ನು ಪೂರ್ತಿ ಎಲ್ಲರಿಗೂ ತೆರೆದಿಟ್ಟರು. ಜಗತ್ತಿನಲ್ಲಿ ಕಡಲತೀರದ ಬಗ್ಗೆ ಕೆಲಸ ಮಾಡೋರೆಲ್ಲ ಇವತ್ತು ಅದನ್ನು ಬಳಸ್ತಾರೆ.

ಇನ್ನು ಆಕ್ಷೇಪಗಳು. ಗೆಳೆಯರ ಜತೆ ಇದನ್ನು ಮಾತಾಡಿದಾಗೆಲ್ಲ ಮೂರು ಮಾತು ಬಂದೇ ಬರುತ್ತೆ.

ಮೊದಲನೆಯದು ಅಪಾಯ. ಇದನ್ನು ಹಗುರವಾಗಿ ತಳ್ಳಿ ಹಾಕೋ ಹಾಗಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶೈಕ್ಷಣಿಕ ಪ್ರವಾಸ ಬಂದಿದ್ದ ನಾಲ್ವರು ಶಾಲಾ ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಅದಾದ ಮೇಲೆ ಯಾವ ಮೇಷ್ಟ್ರು ತಾನೇ ಧೈರ್ಯ ಮಾಡಿಯಾರು? ಆದರೆ ಒಂದು ವ್ಯತ್ಯಾಸ ಗಮನಿಸಿ. ದೂರದ ಊರಿಂದ ಮೊದಲ ಸಲ ಸಮುದ್ರ ನೋಡೋಕೆ ಬಂದ ಮಕ್ಕಳನ್ನು, ಅಲೆ ಹೇಗೆ ಎಳೆಯುತ್ತೆ ಅಂತ ಒಂದು ಮಾತೂ ಹೇಳದೆ ನೀರಿನ ಅಂಚಿಗೆ ಬಿಡೋದು ಟೂರು. ಫೀಲ್ಡ್ ವರ್ಕ್ ಅಂದರೆ ಇಳಿತದ ಹೊತ್ತು ನೋಡಿ ಹೋಗೋದು, ಒಣ ಮರಳಿನಿಂದ ಶುರು ಮಾಡಿ ನೀರು ಪಾದಕ್ಕೆ ತಾಗೋ ಮುಂಚೆ ನಿಲ್ಲಿಸೋದು, ಸಮುದ್ರ ಗೊತ್ತಿರೋ ಊರಿನ ಒಬ್ಬರನ್ನು ಜತೆಗಿಟ್ಕೊಳ್ಳೋದು, ಮಳೆಗಾಲದಲ್ಲಿ ಮೇಲಿನ ಸುರಕ್ಷಿತ ಭಾಗ ಮಾತ್ರ ಅಳೆಯೋದು, ಅಬ್ಬರ ಇದ್ದ ದಿನ ಹೋಗದೇ ಇರೋದು. ದಡಕ್ಕೆ ಬಂದ ನೀರು ಒಂದು ಕಿರಿದಾದ ದಾರಿಯಲ್ಲಿ ರಭಸವಾಗಿ ವಾಪಸ್ ಹೋಗುತ್ತೆ, ಅಲ್ಲಿ ಅಲೆ ಒಡೆಯದೆ ಶಾಂತವಾಗಿ ಕಾಣುತ್ತೆ, ಆ ಶಾಂತ ಜಾಗವೇ ಅಪಾಯ ಅನ್ನೋದನ್ನು ದಡದ ಮೇಲೆ ನಿಲ್ಲಿಸಿ ತೋರಿಸೋದು ಕೂಡಾ ಭೂಗೋಳದ ಪಾಠವೇ. ಸಮುದ್ರವನ್ನು ಓದೋಕೆ ಕಲಿಯದ ಮಕ್ಕಳಿಗೇ ಸಮುದ್ರ ಹೆಚ್ಚು ಅಪಾಯ.

ಎರಡನೆಯದು ನನ್ನ ಆಫೀಸಿನವರ ಮಾತು. "ಉಪಗ್ರಹ ಇದೆಯಲ್ಲೋ, ಕೋಲು ಯಾಕೆ?" ನಿಜ, ಉಪಗ್ರಹದ ಚಿತ್ರಗಳಿಂದ ತೀರದ ಗೆರೆ ಎಳೆಯೋ ಉಚಿತ ತಂತ್ರಾಂಶಗಳಿವೆ, ನಾನೂ ಒಂದನ್ನು ಓಡಿಸಿ ನೋಡಿದೀನಿ, ಭಾರೀ ಚೆನ್ನಾಗಿದೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2016ರವರೆಗಿನ ಉಪಗ್ರಹ ಚಿತ್ರಗಳನ್ನು ನೋಡಿಯೇ ದೇಶದ ಕರಾವಳಿಯ 33 ಶೇಕಡಾ ಕೊರೆತಕ್ಕೆ ಸಿಕ್ಕಿದೆ ಅಂತ ಹೇಳಿದ್ದು. ಆದರೆ ಉಚಿತವಾಗಿ ಸಿಗೋ ಚಿತ್ರಗಳಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಹತ್ತು ಮೀಟರ್, ಹಳೆಯವಾದರೆ ಮೂವತ್ತು ಮೀಟರ್. ಅಂಥ ಚಿತ್ರದಲ್ಲಿ ಮರಳಿನ ಎತ್ತರವೂ ಸಿಗಲ್ಲ. ಮಳೆಗಾಲದಲ್ಲಿ, ಅಂದರೆ ಎಲ್ಲಾ ನಡೆಯೋ ಹೊತ್ತಿನಲ್ಲೇ, ಮೋಡ ಮುಚ್ಚಿರುತ್ತೆ. ಉಪಗ್ರಹ ಹೇಳಿದ್ದು ಸರಿಯಾ ಅಂತ ತಾಳೆ ನೋಡೋಕೂ ನೆಲದ ಮೇಲಿನ ಅಳತೆ ಬೇಕೇ ಬೇಕು.

ಮೂರನೆಯದು ಸಿಲಬಸ್ಸು, ಮಾರ್ಕ್ಸು. "ಪರೀಕ್ಷೆಗೆ ಬರಲ್ಲ, ಯಾರು ಮಾಡ್ತಾರೆ?" ಇಂಗ್ಲೆಂಡಿನಲ್ಲಿ 2016ರಿಂದ ಜಾರಿಯಾದ ಸಿಲಬಸ್ಸಿನ ಪ್ರಕಾರ ಹದಿನಾರು ವರ್ಷದ ಹುಡುಗರು ಭೂಗೋಳದ ಪರೀಕ್ಷೆಗೆ ಮುಂಚೆ ಕನಿಷ್ಠ ಎರಡು ಸಲ ಹೊರಗೆ ಹೋಗಿ ಕ್ಷೇತ್ರಕಾರ್ಯ ಮಾಡಿರಲೇಬೇಕು. ಅದರ ಮುಂದಿನ ಹಂತದಲ್ಲಿ ಸ್ವಂತ ಅಧ್ಯಯನಕ್ಕೇ 20 ಶೇಕಡಾ ಅಂಕ. ಅವರಿಗೆ ಸಾಧ್ಯವಾದ್ದು ನಮಗೆ ಅಸಾಧ್ಯ ಅಲ್ಲ. ನಮ್ಮಲ್ಲೂ ಪ್ರಾಜೆಕ್ಟ್ ಅಂತ ಅಂಕ ಇದೆ, ಥರ್ಮಕೋಲಿನಲ್ಲಿ ಜ್ವಾಲಾಮುಖಿ ಮಾಡಿಸಿ ಆ ಅಂಕ ಕೊಡ್ತೀವಿ ಅಷ್ಟೇ. ಕರಾವಳಿಯ ಮೂರು ಜಿಲ್ಲೆಯ ಶಾಲೆಗಳಲ್ಲಾದರೂ ಥರ್ಮಕೋಲಿನ ಬದಲು ಎರಡು ಕೋಲು ಕೊಡಬಹುದಲ್ವಾ?

ಹುಡುಗರ ಅಳತೆಯಲ್ಲಿ ತಪ್ಪು ಇರುತ್ತೆ ಅನ್ನೋದನ್ನೂ ಒಪ್ಕೊಳ್ತೀನಿ. ಒಂದೊಂದು ಹೆಜ್ಜೆಗೆ ಒಂದು ಸೆಂಟಿಮೀಟರ್ ಒಂದೇ ಕಡೆ ತಪ್ಪಿದರೆ 27 ಹೆಜ್ಜೆಗೆ 27 ಸೆಂಟಿಮೀಟರ್! ಅದಕ್ಕೇ ಕೆಳಗೆ ಮುಟ್ಟಿದ ಮೇಲೆ ಅದೇ ಸಾಲಿನಲ್ಲಿ ಮೇಲಕ್ಕೆ ಅಳೀತಾ ಬಂದು ತಾಳೆ ನೋಡಬೇಕು. ನಮ್ಮ ವೃತ್ತಿಯಲ್ಲಿ ಲಾಗ್ ಬರೆಯೋವಾಗ ಪಾಲಿಸೋ ಕ್ರಮವನ್ನೇ ಇಲ್ಲೂ ಪಾಲಿಸಬಹುದು. ದಿನ, ಹೊತ್ತು, ತಿಥಿ, ಯಾರು ಕೋಲು ಹಿಡಿದರು, ಓದಿದ ಸಂಖ್ಯೆ ಇದ್ದದ್ದು ಇದ್ದ ಹಾಗೆ. ಹಳೇದನ್ನು ಅಳಿಸಬಾರದು, ತಿದ್ದಬಾರದು. ತಪ್ಪು ಅನ್ನಿಸಿದರೆ ಪಕ್ಕದಲ್ಲಿ ಷರಾ ಬರೀಬೇಕು. ಹತ್ತು ವರ್ಷ ಬಿಟ್ಟು ಯಾವಳೋ ಒಬ್ಬ ಹುಡುಗಿ ಅದನ್ನು ತೆರೆದಾಗ ಅವಳಿಗೆ ಅರ್ಥ ಆಗಬೇಕು.

ಪ್ರತಿ ತಿಂಗಳು ಆಗದಿದ್ದರೆ ವರ್ಷಕ್ಕೆ ನಾಲ್ಕು ಸಲ ಸಾಕು. ಮೇ ಕೊನೆಗೆ ಮಳೆ ಹಿಡಿಯೋ ಮುಂಚೆ, ಸೆಪ್ಟೆಂಬರಿನಲ್ಲಿ, ಡಿಸೆಂಬರಿನಲ್ಲಿ, ಮಾರ್ಚಿನಲ್ಲಿ. ಅಮಾವಾಸ್ಯೆಯೋ ಹುಣ್ಣಿಮೆಯೋ ಹತ್ತಿರ ಇದ್ದರೆ ಇಳಿತ ಹೆಚ್ಚಿರುತ್ತೆ, ಹೆಚ್ಚು ತೀರ ಸಿಗುತ್ತೆ. ಶಾಲೆ ಕಾಂಪೌಂಡಿನ ಮೂಲೆಯೋ ದೈವಸ್ಥಾನದ ಕಟ್ಟೆಯೋ, ಊರವರು ಕೀಳದ ಒಂದು ಕಲ್ಲನ್ನು ಗುರುತಾಗಿ ಇಟ್ಕೊಂಡರೆ ಆಯ್ತು. ಒಂದು ಬ್ಯಾಚಿನವರು ಮುಂದಿನ ಬ್ಯಾಚಿನವರಿಗೆ ಆ ಕೋಲು, ಆ ಪುಸ್ತಕ ಕೊಟ್ಟು ಹೋಗಬೇಕು. ಆಗ ಹಿಂದಿನ ಬ್ಯಾಚಿನ ವರದಿ ನೋಡೋದು ಕಾಪಿ ಹೊಡೆಯೋದು ಆಗಲ್ಲ, ಅದೇ ಅಧ್ಯಯನ ಆಗುತ್ತೆ.

ತಂಗಿ ಸೆಪ್ಟೆಂಬರಿನಲ್ಲಿ ಗೆಳತಿಯರಿಬ್ಬರನ್ನು ಕಟ್ಕೊಂಡು ಅದೇ ಸಾಲನ್ನು ಮತ್ತೆ ಅಳೆಯೋಕೆ ಹೊರಟಿದಾಳೆ. ಸಂಖ್ಯೆಗಳನ್ನ ಇದ್ದ ಹಾಗೇ ಇಲ್ಲಿ ಹಾಕ್ತೀನಿ. ನಿಮ್ಮಲ್ಲಿ ಯಾರಾದರೂ ಕಾರವಾರ, ಹೊನ್ನಾವರ, ಮರವಂತೆ, ಪಡುಬಿದ್ರಿ ಕಡೆಯವರಿದ್ದರೆ, ಅಥವಾ ಅಲ್ಲಿ ಮೇಷ್ಟ್ರಾಗಿರೋ ಸ್ನೇಹಿತರಿದ್ದರೆ, ಒಂದು ಸಾಲು ಆರಿಸಿಕೊಂಡು ಶುರು ಮಾಡಿ. ಅಷ್ಟೂ ಆಗದಿದ್ದರೆ ಮನೆಯ ಹಳೇ ಆಲ್ಬಮ್ ತೆಗೀರಿ. ಮದುವೆಗೆ ಬಂದ ನೆಂಟರನ್ನು ಕಡಲಿಗೆ ಕರ್ಕೊಂಡು ಹೋಗಿ ತೆಗೆದ ಫೋಟೋ ಇದ್ದೇ ಇರುತ್ತೆ. ಹಿಂದೆ ಒಂದು ಮರವೋ ಕಟ್ಟೆಯೋ ಕಾಣ್ತಿದ್ದು, ಇಸವಿ ಗೊತ್ತಿದ್ದರೆ, ಅದೂ ಒಂದು ಅಳತೆಯೇ. ಅದೇ ಜಾಗದಲ್ಲಿ ನಿಂತು ಇನ್ನೊಂದು ಫೋಟೋ ತೆಗೀರಿ. ಮುಂದಿನ ವರ್ಷವೂ ಅಲ್ಲಿಗೇ ಹೋಗಿ.